ಎರಡು ಕಣ್ಣು, ಒಂದು ನೋಟ

ಮೂರು ವರ್ಷಗಳ ಹಿಂದಿನ ಮಾತು. ರಮಝಾನ್‌ನ 29ನೇ ಉಪವಾಸ. ಮಕ್ಕಳನ್ನು ಕರೆದುಕೊಂಡು ನಾನು ಶಿವಮೊಗ್ಗದ ತವರುಮನೆಗೆ ಹೋಗಿದ್ದೆ. ಅದೇ ಊರಿನಲ್ಲಿರುವ ತಂಗಿಯೂ ಮಗಳೊಂದಿಗೆ ಬಂದಿದ್ದಳು. ಖರ್ಜೂರ ಬಾಯಿಗೆ ಹಾಕಿಕೊಂಡು ಎರಡು ಗುಟುಕು ಶರಬತ್ತು ಕುಡಿದವರೇ ಮಕ್ಕಳೆಲ್ಲ ಚಂದ್ರನನ್ನು ಹುಡುಕಲು ತಾರಸಿಗೆ ಓಡಿದರು. ಆ ವರ್ಷ ಅವರ ಸಡಗರಕ್ಕೆ ಇನ್ನೊಂದು ಕಾರಣವಿತ್ತು. ರಜೆಯಲ್ಲಿ ಊರಿಗೆ ಬಂದಿದ್ದ ನನ್ನ ತಮ್ಮ ದುಬೈಯಿಂದ ಒಂದು ದುರ್ಬೀನು ತಂದಿದ್ದ. ಸೂರ್ಯ ಪೂರ್ತಿ ಮುಳುಗುವವರೆಗೆ ಅದನ್ನು ಚೀಲದಿಂದ ಹೊರಗೆ ತೆಗೆಯಲು ಅವನು ಬಿಡಲಿಲ್ಲ. ದುರ್ಬೀನಿನಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣಿನ ಒಳಪದರ ಸುಟ್ಟುಹೋಗಬಹುದು ಎಂದು ಎಲ್ಲರನ್ನೂ ಗದರಿಸಿದ್ದ. ಅವನು ಹೇಳಿದ್ದು ಸರಿ. ಚಂದ್ರ ನೋಡಲು ದುರ್ಬೀನು ಹಿಡಿಯುವವರೆಲ್ಲ ಇದನ್ನು ನೆನಪಿಡಬೇಕು.

ಪಶ್ಚಿಮದಲ್ಲಿ ಮೋಡ ಕವಿದಿತ್ತು. ಚಂದ್ರ ಕಾಣಲಿಲ್ಲ. ಮಕ್ಕಳಿಗೆ ಅದರ ಚಿಂತೆಯೇನೂ ಇರಲಿಲ್ಲ. ಎದುರು ಮನೆಯ ನೀರಿನ ಟ್ಯಾಂಕು, ತೆಂಗಿನ ಮರದ ಮೇಲಿನ ಕಾಗೆ, ದೂರದ ಮಿನಾರದ ದೀಪ, ಎಲ್ಲವೂ ಕಣ್ಣ ಮುಂದೆಯೇ ಬಂದದ್ದು ಅವರಿಗೆ ಹಬ್ಬವಾಗಿತ್ತು. ತಂಗಿಯ ಮಗಳ ಸರದಿ ಬಂತು. ಅವಳಿಗೆ ಆಗ ಆರು ವರ್ಷ. ದುರ್ಬೀನನ್ನು ಮುಖಕ್ಕೆ ಹಿಡಿದವಳೇ ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.

"ಎರಡೂ ಕಣ್ಣು ಬಿಟ್ಟು ನೋಡು ಬೇಟಾ" ಎಂದ ತಮ್ಮ.

"ಮಾಮೂ, ಈ ಕಡೆಯದ್ದು ಕೆಟ್ಟುಹೋಗಿದೆ."

ತಮ್ಮ ತೆಗೆದುಕೊಂಡು ನೋಡಿದ. ಏನೂ ಕೆಟ್ಟಿರಲಿಲ್ಲ. ಮಗುವಿನ ಮುಖ ಸಣ್ಣದು, ಕಣ್ಣುಗಳ ನಡುವಿನ ಅಂತರ ಕಡಿಮೆ, ಅದಕ್ಕೇ ಹೊಂದುತ್ತಿಲ್ಲವೇನೋ ಎಂದು ನಡುವಿನ ಕೀಲನ್ನು ಮಡಚಿ ಎರಡು ಕೊಳವೆಗಳನ್ನೂ ಹತ್ತಿರ ತಂದುಕೊಟ್ಟ. ಬಲಗಡೆಯ ಕೊಳವೆಯನ್ನು ಅಂಗೈಯಿಂದ ಮುಚ್ಚಿ, ತಿರುಗಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ತಿರುಗಿಸಿದ. "ಟ್ಯಾಂಕಿನ ಮೇಲೆ ಏನು ಬರೆದಿದೆ ಹೇಳು?" ಅವಳು ಹೇಳಲಿಲ್ಲ. "ನಿಮ್ಮ ದುರ್ಬೀನೇ ಸರಿ ಇಲ್ಲ" ಎಂದು ಅಳುಮುಖ ಮಾಡಿಕೊಂಡು ಕೆಳಗಿಳಿದು ಹೋದಳು.

ಮರುದಿನ ತಂಗಿ ಗೋಡೆಯ ಕ್ಯಾಲೆಂಡರಿನ ಮುಂದೆ ಮಗಳನ್ನು ನಿಲ್ಲಿಸಿದಳು. ಎಡಗಣ್ಣು ಮುಚ್ಚಿದಾಗ ಮಗು ಸಣ್ಣ ಅಕ್ಷರಗಳನ್ನೂ ಪಟಪಟನೆ ಓದಿತು. ಬಲಗಣ್ಣು ಮುಚ್ಚಿದಾಗ ತಾಯಿಯ ಬೆರಳುಗಳ ಸಂದಿನಿಂದ ಇಣುಕಲು ನೋಡಿತು. ಬೆರಳು ಬಿಗಿ ಮಾಡಿದಾಗ ದೊಡ್ಡ ಅಂಕಿಗಳನ್ನೂ ತಡವರಿಸಿತು. ತಂಗಿ ನನ್ನ ಮುಖ ನೋಡಿ "ಆಪಾ, ಆರು ವರ್ಷ ಎತ್ತಿ ಆಡಿಸಿದ ನನಗೇ ಗೊತ್ತಾಗಲಿಲ್ಲವಲ್ಲ" ಎಂದಳು.

ಗೊತ್ತಾಗುವುದಾದರೂ ಹೇಗೆ? ಆ ಮಗುವಿನ ಕಣ್ಣುಗಳು ನೇರವಾಗಿಯೇ ಇದ್ದವು, ಮೆಳ್ಳೆಯಿರಲಿಲ್ಲ. ಓದು, ಬರಹ, ಆಟ ಯಾವುದರಲ್ಲೂ ಹಿಂದಿರಲಿಲ್ಲ. ಹುಟ್ಟಿದಾಗಿನಿಂದ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದ ಮಗುವಿಗೆ ಎರಡು ಕಣ್ಣಿನಲ್ಲಿ ನೋಡುವುದೆಂದರೇನು ಎಂಬುದೇ ತಿಳಿದಿರಲಿಲ್ಲ.

ಹಾಗಾದರೆ ಎರಡು ಕಣ್ಣು ಏಕೆ ಬೇಕು?

ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದೂ ಒಂದು ಕಾರಣವಿರಬಹುದು. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಈ ಪುಟವನ್ನು ಪಕ್ಕಕ್ಕಿಟ್ಟು ಒಂದು ಸಣ್ಣ ಪ್ರಯೋಗ ಮಾಡಿ. ಕೈ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ನಂತರ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಬೆರಳನ್ನು ಮುಖಕ್ಕೆ ಹತ್ತಿರ ತಂದಷ್ಟೂ ಜಿಗಿತ ಹೆಚ್ಚು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಎರಡಕ್ಕೂ ಕಾಣುವ ಚಿತ್ರಗಳಲ್ಲಿ ಒಂದಿಷ್ಟು ವ್ಯತ್ಯಾಸವಿರುತ್ತದೆ. ಈ ವ್ಯತ್ಯಾಸವನ್ನು ಮೆದುಳು ದೋಷವೆಂದು ತಳ್ಳಿಹಾಕುವುದಿಲ್ಲ. ಅದನ್ನೇ ಲೆಕ್ಕ ಹಾಕಿ ಯಾವುದು ಮುಂದಿದೆ, ಯಾವುದು ಹಿಂದಿದೆ, ಎಷ್ಟು ದೂರದಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಎರಡು ಚಪ್ಪಟೆ ಚಿತ್ರಗಳಿಂದ ಆಳವಿರುವ ಒಂದು ನೋಟ ಮೂಡುತ್ತದೆ.

ಇನ್ನೂ ಸಂಶಯವಿದ್ದರೆ ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ದಾರ ಸೂಜಿಯ ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ, ತೂತಿಗೆ ಮಾತ್ರ ಹೋಗುವುದಿಲ್ಲ.

ಈ ನಷ್ಟ ಎಂಥದ್ದೆಂದು ನಮ್ಮ ದೇಶದಲ್ಲಿ ಚೆನ್ನಾಗಿ ಬಲ್ಲವರೆಂದರೆ ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿ. 1961ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಅವರಿದ್ದ ಕಾರು ಅಪಘಾತಕ್ಕೀಡಾಗಿ ಗಾಜಿನ ಚೂರೊಂದು ಬಲಗಣ್ಣಿಗೆ ಹೊಕ್ಕಿತು. ಆಗ ಅವರಿಗೆ 20 ವರ್ಷ. ಆ ಕಣ್ಣಿನ ದೃಷ್ಟಿ ಬಹುತೇಕ ಹೋಯಿತು. ಹೂಜಿಯಿಂದ ಲೋಟಕ್ಕೆ ನೀರು ಸುರಿಯಲು ಹೋದರೆ ಅದು ಮೇಜಿನ ಮೇಲೆ ಬೀಳುತ್ತಿತ್ತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬ್ಯಾಟ್ ಹಿಡಿದರೆ ಒಂದರ ಬದಲು ಎರಡು ಚೆಂಡುಗಳು ಕಾಣುತ್ತಿದ್ದವು. ಅವುಗಳಲ್ಲಿ ಒಳಗಿನದನ್ನು ಹೊಡೆಯಬೇಕೆಂದು ಅವರು ತಾವೇ ಕಲಿತುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. ಮರುವರ್ಷ, 21ನೇ ವಯಸ್ಸಿನಲ್ಲಿ, ತಂಡದ ನಾಯಕರಾದರು. ಒಟ್ಟು 46 ಟೆಸ್ಟ್ ಆಡಿದರು. ಒಂದೇ ಕಣ್ಣಿನಲ್ಲಿ ಇಷ್ಟೆಲ್ಲ ಹೇಗೆ ಸಾಧ್ಯ? ದೂರವನ್ನು ಅಳೆಯಲು ಮೆದುಳಿಗೆ ಬೇರೆ ದಾರಿಗಳೂ ಇವೆ. ವಸ್ತುವಿನ ಗಾತ್ರ, ನೆರಳು, ಒಂದರ ಹಿಂದೆ ಇನ್ನೊಂದು ಮರೆಯಾಗುವುದು, ತಲೆ ಅಲ್ಲಾಡಿಸಿದಾಗ ಹತ್ತಿರದ್ದು ಹೆಚ್ಚು ಸರಿಯುವುದು, ಇವುಗಳಿಂದಲೂ ಕೆಲಸ ನಡೆಯುತ್ತದೆ. ಆದರೆ ಅವರು ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡವರು. ಏನನ್ನು ಕಳೆದುಕೊಂಡೆನೆಂಬುದು ಅವರಿಗೆ ಗೊತ್ತಿತ್ತು. ಹುಟ್ಟಿನಿಂದಲೇ ಹೀಗಿರುವ ಮಗುವಿಗೆ ಅದು ಗೊತ್ತಿರುವುದಿಲ್ಲ.

ಮೂಗಿಗೊಂದು ಕಚ್ಚು ಇದ್ದ ಹಲಗೆ

ಎರಡು ಕಣ್ಣಿದ್ದೂ ನಮಗೆ ಲೋಕ ಎರಡಾಗಿ ಏಕೆ ಕಾಣುವುದಿಲ್ಲ? ಸಾವಿರ ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಇಬ್ನ್ ಅಲ್ ಹೈಸಮ್ ಮುಖ್ಯರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಈ ವಿದ್ವಾಂಸ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥವನ್ನು ಏಳು ಭಾಗಗಳಲ್ಲಿ ಬರೆದರು. ಅದರ ಮೂರನೆಯ ಭಾಗದಲ್ಲಿ ಒಂದು ಪ್ರಯೋಗವಿದೆ. ಒಂದು ಉದ್ದನೆಯ ಹಲಗೆ. ಅದರ ಒಂದು ತುದಿಯಲ್ಲಿ ಮೂಗು ಕೂರುವಂತೆ ಕಚ್ಚು. ಹಲಗೆಯ ಮೇಲೆ ಬಣ್ಣಬಣ್ಣದ ಗೆರೆಗಳು. ನಡುಗೆರೆಯ ಮೇಲೆ ಮೇಣದ ಸಣ್ಣ ಸಣ್ಣ ಕಂಬಗಳು. ಹಲಗೆಯನ್ನು ಮೂಗಿಗೆ ಒತ್ತಿ ಹಿಡಿದು ನಡುವಿನ ಕಂಬವನ್ನೇ ದಿಟ್ಟಿಸಿದರೆ ಅದು ಒಂದಾಗಿ ಕಾಣುತ್ತದೆ, ಅದರ ಮುಂದಿನದೂ ಹಿಂದಿನದೂ ಎರಡೆರಡಾಗುತ್ತವೆ. ಗ್ರೀಕ್ ವಿದ್ವಾಂಸ ಟಾಲೆಮಿ ಇಂಥ ಹಲಗೆಯನ್ನು ಮೊದಲೇ ಬಳಸಿದ್ದರು. ಇಬ್ನ್ ಅಲ್ ಹೈಸಮ್ ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಎರಡು ಕಣ್ಣುಗಳಲ್ಲೂ ಸರಿಜೋಡಿಯಾದ ಜಾಗಗಳ ಮೇಲೆ ಬಿದ್ದ ರೂಪಗಳು ಮಾತ್ರ ಒಳಗೆ ಕೂಡಿ ಒಂದಾಗುತ್ತವೆ ಎಂದು ವಿವರಿಸಿದರು.

ಹಲಗೆ, ಮೇಣ ಹುಡುಕಬೇಕಾಗಿಲ್ಲ. ಒಂದು ಪೆನ್ಸಿಲನ್ನು ಮುಖದ ಹತ್ತಿರ, ಇನ್ನೊಂದನ್ನು ಅದರ ಹಿಂದೆ ಒಂದು ಮೊಳ ದೂರದಲ್ಲಿ ಹಿಡಿಯಿರಿ. ಹಿಂದಿನದನ್ನು ನೋಡಿದರೆ ಮುಂದಿನದು ಎರಡಾಗುತ್ತದೆ. ಮುಂದಿನದನ್ನು ನೋಡಿದರೆ ಹಿಂದಿನದು ಎರಡಾಗುತ್ತದೆ. ದಿನವಿಡೀ ನಮ್ಮ ಸುತ್ತ ಹೀಗೆ ಎಷ್ಟೋ ವಸ್ತುಗಳು ಎರಡಾಗಿ ಕಾಣುತ್ತಿರುತ್ತವೆ, ಮೆದುಳು ಅದನ್ನು ನಮ್ಮ ಗಮನಕ್ಕೆ ತರುವುದೇ ಇಲ್ಲ. ನನ್ನ ಮಗ ಈ ಆಟ ಕಲಿತ ಮೇಲೆ ಎರಡು ದಿನ ಊಟದ ತಟ್ಟೆಯ ಮುಂದೆಯೂ ಅದನ್ನೇ ಮಾಡುತ್ತಿದ್ದ.

ಆ ಕೂಡುವಿಕೆ ಎಲ್ಲಿ ನಡೆಯುತ್ತದೆಂಬುದು ಈಗ ಸ್ಪಷ್ಟವಾಗಿದೆ. ಪ್ರತಿ ಕಣ್ಣಿನಿಂದ ಹೊರಟ ನರದ ಎಳೆಗಳು ಮೆದುಳಿನ ತಳದಲ್ಲಿ ಭೇಟಿಯಾಗುತ್ತವೆ. ಅಲ್ಲಿ ಸುಮಾರು ಅರ್ಧದಷ್ಟು ಎಳೆಗಳು ದಾಟಿ ಆಚೆ ಬದಿಗೆ ಹೋಗುತ್ತವೆ. ಹೀಗಾಗಿ ನಮ್ಮ ಎಡಬದಿಯಲ್ಲಿ ಕಾಣುವುದೆಲ್ಲ, ಎರಡೂ ಕಣ್ಣುಗಳಿಂದ, ಮೆದುಳಿನ ಬಲಭಾಗಕ್ಕೆ ತಲುಪುತ್ತದೆ. ಬಲಬದಿಯದ್ದು ಎಡಭಾಗಕ್ಕೆ. ತಲೆಯ ಹಿಂಭಾಗದಲ್ಲಿ ಎರಡು ಕಣ್ಣುಗಳ ಸುದ್ದಿಯೂ ಒಂದಾಗುತ್ತದೆ. ಆ ಎರಡು ಚಿತ್ರಗಳ ವ್ಯತ್ಯಾಸವೇ ಆಳವನ್ನು ಮೂಡಿಸುತ್ತದೆ ಎಂಬುದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಕನ್ನಡಿಗಳಿಂದ ಮಾಡಿದ ಒಂದು ಉಪಕರಣದಲ್ಲಿ ತೋರಿಸಿಕೊಟ್ಟರು. ಎಡಗಣ್ಣಿಗೊಂದು, ಬಲಗಣ್ಣಿಗೊಂದು ರೇಖಾಚಿತ್ರ. ಎರಡನ್ನೂ ಒಟ್ಟಿಗೆ ನೋಡಿದರೆ ಕಾಗದದ ಗೆರೆಗಳು ಎದ್ದು ನಿಲ್ಲುತ್ತಿದ್ದವು.

ದುರ್ಬೀನು ಮಾಡುವುದೇನು?

ದುರ್ಬೀನೆಂದರೆ ಪಕ್ಕಪಕ್ಕದಲ್ಲಿ ಜೋಡಿಸಿದ ಎರಡು ದೂರದರ್ಶಕಗಳು. 1608ರಲ್ಲಿ ಹಾಲೆಂಡಿನ ಕನ್ನಡಕ ತಯಾರಕ ಹ್ಯಾನ್ಸ್ ಲಿಪ್ಪರ್‌ಹೇ ದೂರದರ್ಶಕಕ್ಕೆ ಹಕ್ಕುಪತ್ರ ಕೇಳಿದಾಗ, ಎರಡು ಕಣ್ಣಿಗೂ ಆಗುವಂಥದ್ದನ್ನು ಮಾಡಿಕೊಡು ಎಂದು ಅಲ್ಲಿನ ಅಧಿಕಾರಿಗಳು ಹೇಳಿದ್ದರಂತೆ. ಒಂದು ಕಣ್ಣು ಮುಚ್ಚಿ ನೋಡುವ ಕಷ್ಟ ಅವರಿಗೂ ಬೇಡವಾಗಿತ್ತು!

ಮುಂದಿನ ದೊಡ್ಡ ಮಸೂರ ದೂರದ ವಸ್ತುವಿನ ಬಿಂಬವನ್ನು ಕೊಳವೆಯೊಳಗೆ ತಲೆಕೆಳಗಾಗಿ ಮೂಡಿಸುತ್ತದೆ. ಕಣ್ಣಿನ ಬಳಿಯ ಚಿಕ್ಕ ಮಸೂರ ಅದನ್ನು ಹಿಗ್ಗಿಸುತ್ತದೆ. ನಡುವೆ ಇರುವ ಗಾಜಿನ ಪಟ್ಟಕಗಳು ಬೆಳಕನ್ನು ಒಳಗೊಳಗೇ ತಿರುಗಿಸಿ ಬಿಂಬವನ್ನು ನೇರ ಮಾಡುತ್ತವೆ. ಈ ಉಪಾಯವನ್ನು 1854ರಲ್ಲಿ ಇಟಲಿಯ ಇಗ್ನಾಝಿಯೋ ಪೊರೋ ಕಂಡುಕೊಂಡರು. 1894ರಲ್ಲಿ ಜರ್ಮನಿಯ ಝೈಸ್ ಕಂಪೆನಿ ಅದನ್ನು ಬಳಸಿ ಒಳ್ಳೆಯ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ಕೆಲವು ದುರ್ಬೀನುಗಳ ಕೊಳವೆ ನೇರವಾಗಿರದೆ ನಡುವೆ ಮೆಟ್ಟಿಲಿನಂತೆ ಹೊರಕ್ಕೆ ಸರಿದಿರುತ್ತದಲ್ಲ, ಅದು ಈ ಪಟ್ಟಕಗಳಿಂದಾಗಿಯೇ. ಅದರಲ್ಲೊಂದು ಲಾಭವೂ ಇದೆ. ಮುಂದಿನ ಮಸೂರಗಳ ಅಂತರ ನಮ್ಮ ಕಣ್ಣುಗಳ ಅಂತರಕ್ಕಿಂತ ಹೆಚ್ಚಾಗುವುದರಿಂದ ದೂರದ ಮರಗಳೂ ಒಂದರ ಹಿಂದೊಂದು ಬಿಡಿಬಿಡಿಯಾಗಿ ಕಾಣುತ್ತವೆ.

ತಮ್ಮನ ದುರ್ಬೀನಿನ ಮೇಲೆ 8×30 ಎಂದು ಬರೆದಿತ್ತು. ಮೊದಲನೆಯದು, ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂಬುದು. 80 ಮೀಟರ್ ದೂರದ ಕಾಗೆ 10 ಮೀಟರ್ ದೂರದಲ್ಲಿರುವಷ್ಟು ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. ಇದು ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಬರುತ್ತದೆ. 20 ಪಟ್ಟು, 30 ಪಟ್ಟು ಎಂದು ಅಂಗಡಿಯವರು ಹೊಗಳಿದರೆ ಮರುಳಾಗಬೇಡಿ. ಅಷ್ಟು ಹಿಗ್ಗಿಸಿದರೆ ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಕೈಯಲ್ಲಿ ಹಿಡಿದು ನೋಡಲು 7 ಅಥವಾ 8 ಪಟ್ಟು ಸಾಕು.

ಅದನ್ನು ಹೊಂದಿಸುವ ಕ್ರಮ ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ವೃತ್ತಗಳು ಸೇರಿ ಒಂದೇ ವೃತ್ತವಾಗುವವರೆಗೆ ಕೀಲನ್ನು ಮಡಚಬೇಕು. ನಂತರ ಬಲಗಡೆಯ ಕೊಳವೆ ಮುಚ್ಚಿ, ನಡುವಿನ ತಿರುಗಣಿಯಿಂದ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಡೆಯದನ್ನು ಮುಚ್ಚಿ, ಸಾಮಾನ್ಯವಾಗಿ ಬಲಗಣ್ಣಿನ ಬಳಿ ಇರುವ ಪ್ರತ್ಯೇಕ ಬಳೆಯನ್ನು ತಿರುಗಿಸಿ ಆ ಕಣ್ಣಿಗೂ ಸ್ಪಷ್ಟ ಮಾಡಿಕೊಳ್ಳಬೇಕು. ಗಮನಿಸಿದಿರಾ? ದುರ್ಬೀನು ಎರಡೂ ಕಣ್ಣುಗಳನ್ನು ಬೇರೆಬೇರೆಯಾಗಿ ವಿಚಾರಿಸುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳ ಕಣ್ಣನ್ನು ನಾವು ಹಾಗೆ ವಿಚಾರಿಸುವುದೇ ಇಲ್ಲ.

ಕಣ್ಣು ಸರಿ, ಮೆದುಳು ಕಲಿತಿಲ್ಲ

ಹಬ್ಬ ಕಳೆದ ವಾರವೇ ತಂಗಿ ಮಗಳನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಜೊತೆಗಿದ್ದೆ. ಪಾಪೆ ಹಿಗ್ಗುವ ಹನಿ ಹಾಕಿ ಪರೀಕ್ಷಿಸಿದರು. ಬಲಗಣ್ಣಿಗೆ ಕನ್ನಡಕದ ಅಗತ್ಯ ಹೆಚ್ಚೇನೂ ಇರಲಿಲ್ಲ. ಎಡಗಣ್ಣಿಗೆ ಮಾತ್ರ +4.5. ತಮ್ಮ ತಿರುಗಣಿಯನ್ನು ತುದಿಯವರೆಗೆ ತಿರುಗಿಸಿದರೂ ಏಕೆ ಕಾಣಲಿಲ್ಲ ಎಂದು ನಾನು ಕೇಳಿದೆ. ವೈದ್ಯೆ ನಕ್ಕು, ಮುಖ್ಯವಾದ ಪ್ರಶ್ನೆ ಅದೇ ಎಂದರು. ದುರ್ಬೀನು ಚಿತ್ರವನ್ನು ಸ್ಪಷ್ಟ ಮಾಡಿ ಕೊಟ್ಟಿತ್ತು. ಆದರೆ ಇಷ್ಟು ವರ್ಷ ಎಡಗಣ್ಣಿನಿಂದ ಮಸುಕು ಚಿತ್ರ ಮಾತ್ರ ಬರುತ್ತಿದ್ದುದರಿಂದ ಮೆದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಿತ್ತು. ಈಗ ಸ್ಪಷ್ಟ ಚಿತ್ರ ಕೊಟ್ಟರೂ ಅದನ್ನು ಓದಲು ಅದಕ್ಕೆ ಬರುವುದಿಲ್ಲ. ಇದಕ್ಕೆ ಆಂಬ್ಲಿಯೋಪಿಯಾ, ಆಡುಮಾತಿನಲ್ಲಿ ಸೋಮಾರಿ ಕಣ್ಣು, ಎನ್ನುತ್ತಾರೆ. ಸೋಮಾರಿತನ ಕಣ್ಣಿನದ್ದೂ ಅಲ್ಲ, ಮಗುವಿನದ್ದಂತೂ ಅಲ್ಲವೇ ಅಲ್ಲ. ಹೆಸರು ಇಟ್ಟವರು ಸ್ವಲ್ಪ ಯೋಚಿಸಬೇಕಿತ್ತು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದು ತಿಳಿದುಬಂತು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಒಂದು ಕಣ್ಣನ್ನು ಮುಚ್ಚಿಟ್ಟು ಆಮೇಲೆ ತೆರೆದರೆ, ಕಣ್ಣು ಆರೋಗ್ಯವಾಗಿದ್ದರೂ ಮೆದುಳಿನ ಜೀವಕೋಶಗಳು ಆ ಕಣ್ಣಿಗೆ ಸ್ಪಂದಿಸುತ್ತಿರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗುತ್ತಿರಲಿಲ್ಲ. ಅಂದರೆ ನೋಡಲು ಕಲಿಯುವುದಕ್ಕೂ ಒಂದು ಪ್ರಾಯವಿದೆ. 1981ರಲ್ಲಿ ಇವರಿಗೆ ನೋಬೆಲ್ ಪ್ರಶಸ್ತಿ ದೊರೆಯಿತು. ಮನುಷ್ಯರ ಮಕ್ಕಳಲ್ಲಿ ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಫಲ ಹೆಚ್ಚು. ಆ ಬಳಿಕವೂ ಹದಿಹರೆಯದವರೆಗೆ ಕೆಲವರಿಗೆ ಸುಧಾರಣೆಯಾಗುತ್ತದೆ, ಆದ್ದರಿಂದ ವಯಸ್ಸು ಮೀರಿತೆಂದು ಕೈಚೆಲ್ಲಬೇಕಾಗಿಲ್ಲ. ಎಳವೆಯಿಂದ ಮೆಳ್ಳೆಗಣ್ಣಿದ್ದ ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ 48ನೇ ವಯಸ್ಸಿನಲ್ಲಿ, ಕಣ್ಣಿನ ತರಬೇತಿ ಪಡೆದ ಮೇಲೆ, ಮೊದಲ ಬಾರಿಗೆ ಆಳವನ್ನು ಕಂಡರು. ಕಾರಿನ ಸ್ಟಿಯರಿಂಗ್ ಚಕ್ರ ತನ್ನೆಡೆಗೆ ಚಾಚಿ ನಿಂತದ್ದನ್ನು ನೋಡಿ ಅವರು ಬೆರಗಾಗಿದ್ದರು. ಆದರೆ ಅಂಥದ್ದು ಅಪರೂಪ. ಅದನ್ನು ನಂಬಿ ಕೂರುವಂತಿಲ್ಲ.

ಮೊದಲು ಕನ್ನಡಕ ಕೊಟ್ಟರು. ಕೆಲವು ವಾರಗಳ ನಂತರ, ಚೆನ್ನಾಗಿರುವ ಬಲಗಣ್ಣಿಗೆ ದಿನಕ್ಕೆ ಎರಡು ತಾಸು ಪಟ್ಟಿ ಹಾಕಿ ಎಂದರು. ದುರ್ಬಲ ಕಣ್ಣಿಗೆ ಕೆಲಸ ಕೊಟ್ಟರಷ್ಟೇ ಮೆದುಳು ಅದರ ಮಾತು ಕೇಳಲು ಕಲಿಯುವುದು.

ನಿಜವಾದ ಕಷ್ಟ ಆಗ ಶುರುವಾಯಿತು. "ಚೆನ್ನಾಗಿರುವ ಕಣ್ಣನ್ನು ಮುಚ್ಚುವ ಡಾಕ್ಟರನ್ನು ನಾನು ಕಂಡಿಲ್ಲ" ಎಂದು ಅಮ್ಮಿ ಸಿಟ್ಟಾದರು. ತಂಗಿಯ ಗಂಡನ ಮನೆಯಲ್ಲಿ ಫುಫಿಯೊಬ್ಬರು, "ಹೆಣ್ಣು ಮಗು, ಈಗಿನಿಂದಲೇ ಸೋಡಾಬುಡ್ಡಿ ಕನ್ನಡಕ ಹಾಕಿದರೆ ನಾಳೆ ಸಂಬಂಧ ಬರುತ್ತದೆಯೇ?" ಎಂದರು. ತಂಗಿ ಜೋರಿನವಳಲ್ಲ. ಆದರೆ ಅಂದು, "ಸಂಬಂಧ ಬರುವುದಕ್ಕೆ ಇನ್ನೂ ಹದಿನೈದು ವರ್ಷವಿದೆ, ಕಣ್ಣಿಗೆ ಅಷ್ಟು ಸಮಯವಿಲ್ಲ" ಎಂದುಬಿಟ್ಟಳಂತೆ. ಗಂಡು ಮಗುವಿಗೆ ಕೂಡಲೇ ಕನ್ನಡಕ, ಹೆಣ್ಣಿಗೆ ಮಾತ್ರ 'ನೋಡೋಣ' ಎನ್ನುವ ಮನೆಗಳನ್ನು ನಾನೂ ಕಂಡಿದ್ದೇನೆ.

ಮೊದಲ ವಾರ ಮಗು ಪಟ್ಟಿ ಕಿತ್ತು ಹಾಕಿತು, ಅತ್ತಿತು, ಬಾಗಿಲ ಚೌಕಟ್ಟಿಗೆ ತಾಗಿಸಿಕೊಂಡಿತು. ಕೊನೆಗೆ ಅಮ್ಮಿಯೇ ಜವಾಬ್ದಾರಿ ವಹಿಸಿಕೊಂಡರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ದಿನವೂ ಅಸರ್ ಆದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಪಟ್ಟಿ ಹಾಕಿ, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಲ್ಲಿಗೆ ಕಟ್ಟುವುದು, ಚಿತ್ರಕ್ಕೆ ಬಣ್ಣ ತುಂಬುವುದು, ಹೀಗೆ ಒಂದೊಂದು ಕೆಲಸ. ಮಗ್ರಿಬ್ ಅಝಾನ್ ಕೇಳಿದ ಮೇಲೆಯೇ ಪಟ್ಟಿ ತೆಗೆಯುವುದು. ಹಗಲು ಚಿಕ್ಕದಾದ ದಿನಗಳಲ್ಲಿ ಗಡಿಯಾರ ನೋಡಿ ಬೇಗನೆ ಶುರು ಮಾಡುತ್ತಿದ್ದರು.

ಓದುಗ ಸಹೋದರಿಯರು ಮನೆಯಲ್ಲಿ ನೋಡಬಹುದಾದ್ದೇನು? ಮೂರ್ನಾಲ್ಕು ವರ್ಷ ತುಂಬಿದ ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ದೂರದ ಚಿತ್ರ ತೋರಿಸಿ ಕೇಳಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಗು ಕೈ ತಳ್ಳಿದರೆ ಅಥವಾ ಇಣುಕಿದರೆ ಅದು ತುಂಟತನವೆಂದು ಬಿಡಬೇಡಿ. ಟಿವಿ ನೋಡುವಾಗ ಯಾವಾಗಲೂ ತಲೆ ಒಂದೇ ಕಡೆ ವಾಲಿಸುವುದು, ಬಿಸಿಲಿಗೆ ಬಂದರೆ ಒಂದು ಕಣ್ಣು ಮುಚ್ಚುವುದು ಕೂಡ ಸೂಚನೆಗಳೇ. ಹಸುಗೂಸಿನ ಕಣ್ಣು ಮೊದಲ ಮೂರ್ನಾಲ್ಕು ತಿಂಗಳು ಆಗೊಮ್ಮೆ ಈಗೊಮ್ಮೆ ಓರೆಯಾಗುವುದು ಸಾಮಾನ್ಯ. ಆಮೇಲೂ ಹಾಗೆಯೇ ಇದ್ದರೆ ತೋರಿಸಬೇಕು. ಮೆಳ್ಳೆಗಣ್ಣು ಅದೃಷ್ಟವೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬಿಳಿಯಾಗಿ ಹೊಳೆದರೆ ಒಂದು ದಿನವೂ ತಡ ಮಾಡಬಾರದು. ಅದು ಕಣ್ಣಿನ ಕ್ಯಾನ್ಸರಿನ ಗುರುತೂ ಆಗಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳ ಮಕ್ಕಳ ತಪಾಸಣೆಯಲ್ಲಿ ಕಣ್ಣೂ ಸೇರಿದೆ. ಖಾಸಗಿ ಶಾಲೆಗೆ ಹೋಗುವ ಮಕ್ಕಳನ್ನು ನಾವೇ ಕರೆದೊಯ್ಯಬೇಕು.

ಆಸ್ಪತ್ರೆಯಲ್ಲಿ ಮೊದಲ ದಿನ ವೈದ್ಯೆ ಮಗುವಿಗೆ ವಿಶೇಷ ಕನ್ನಡಕ ಹಾಕಿ ಒಂದು ದೊಡ್ಡ ನೊಣದ ಚಿತ್ರ ತೋರಿಸಿದ್ದರು. ಎರಡೂ ಕಣ್ಣು ಕೂಡಿ ಕೆಲಸ ಮಾಡುವವರಿಗೆ ಆ ನೊಣದ ರೆಕ್ಕೆಗಳು ಪುಟದಿಂದ ಮೇಲೆದ್ದು ಕಾಣುತ್ತವೆ. "ರೆಕ್ಕೆ ಹಿಡಿ" ಎಂದಾಗ ನಮ್ಮ ಮಗು ಪುಟದ ಮೇಲೆಯೇ ಬೆರಳು ಒತ್ತಿತ್ತು. ಹತ್ತು ತಿಂಗಳ ನಂತರ ಅದೇ ಕೋಣೆ, ಅದೇ ಚಿತ್ರ. ಎಡಗಣ್ಣು ಫಲಕದ ಕೊನೆಯ ಸಾಲಿಗಿಂತ ಎರಡು ಸಾಲು ಮೇಲಿನವರೆಗೆ ಓದಿತ್ತು. ಸಣ್ಣ ವೃತ್ತಗಳ ಸೂಕ್ಷ್ಮ ಪರೀಕ್ಷೆಯಲ್ಲಿ ಅವಳು ಇನ್ನೂ ಪೂರ್ತಿ ಗೆದ್ದಿರಲಿಲ್ಲ. ನೊಣದ ಪುಟ ತೆರೆದಾಗ ಮಾತ್ರ ಅವಳು "ಛೀ" ಎಂದು ಹಿಂದೆ ಸರಿದಳು. ವೈದ್ಯೆ ಮತ್ತೆ ಹೇಳಿದ ಮೇಲೆ ಕೈ ಚಾಚಿ, ಪುಟಕ್ಕಿಂತ ಎರಡು ಅಂಗುಲ ಮೇಲೆ, ಗಾಳಿಯಲ್ಲಿ ಬೆರಳು ಕೂಡಿಸಿ ರೆಕ್ಕೆಯನ್ನು ಹಿಡಿದಳು. ತಂಗಿ ದುಪಟ್ಟಾದಿಂದ ಮುಖ ಒರೆಸಿಕೊಂಡಳು.